ತಡಿಪಾರಾದ ಸೋಮವ್ವ

ಸೋಲಾಪುರದ ಟವೆಲ್ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಅಂಚು ಹೊಲಿದ ಸೋಮವ್ವನನ್ನು ಸರಕಾರ ಜಿಲ್ಲೆಯಿಂದ ಹೊರಗೆ ಹಾಕಿತು. ಪೊಲೀಸರು ತಂದ ಮರಾಠಿ ಹುಕುಮನ್ನು ಕಲ್ಯಾಣಮ್ಮ ಗೇಟಿನ ಮುಂದೆಯೇ ಗಟ್ಟಿಯಾಗಿ ಓದಿದಳು. ಕಲ್ಯಾಣಮ್ಮ ಅಲ್ಲಿಯ ಹೆಣ್ಣುಮಕ್ಕಳ ಕಾರ್ಮಿಕ ಸಂಘದ ಅಧ್ಯಕ್ಷೆ, ಸೋಮವ್ವ ಕಾರ್ಯದರ್ಶಿ. 'ಈ ಹೆಂಗಸು ಅಪಾಯಕಾರಿ, ಈಕೆಗೆ ಅಂಜಿ ಯಾರೂ ಸಾಕ್ಷಿ ಹೇಳಲು ಮುಂದೆ ಬರುತ್ತಿಲ್ಲ, ಆದ್ದರಿಂದ ಒಂದು ವರ್ಷ ತಡಿಪಾರ' ಎಂದಿತ್ತು ಹುಕುಮಿನಲ್ಲಿ. ಐದಡಿಗೂ ಕಡಿಮೆ ಎತ್ತರದ ಸೋಮವ್ವ ಕತ್ತೆತ್ತಿ ಹವಾಲ್ದಾರನ ಮುಖ ನೋಡಿದಳು.

"ಸಾಹೇಬ್ರ, ನೀವೂ ಅಂಜತೀರೇನ್ರಿ ನನಗ?"

ಹವಾಲ್ದಾರ ಮೀಸೆಯೊಳಗೇ ನಕ್ಕ. "ಸಹಿ ಮಾಡ್ರಿ ಮಾವಶಿ."

ಆದದ್ದು ಇಷ್ಟೇ. ಸಂಘಕ್ಕೆ ಹೆಸರು ಬರೆಸಿದರೆಂದು ಮಾಲಕ ಹತ್ತೊಂಬತ್ತು ಹೆಣ್ಣುಮಕ್ಕಳನ್ನು ಕೆಲಸದಿಂದ ತೆಗೆದಿದ್ದ. ಉಳಿದವರು ಎಂಟು ದಿನ ಗೇಟಿನ ಮುಂದೆ ಕುಂತರು. ಒಂಬತ್ತನೆಯ ದಿನ ಸಂಘದ ನೋಂದಣಿ ರದ್ದಾಯಿತು, ಅದರ ಖೋಲಿಗೆ ಸೀಲು ಬಿತ್ತು, ಐದು ಜನ ಒಂದೆಡೆ ಕೂಡಬಾರದೆಂದು ಆಜ್ಞೆ ಹೊರಟಿತು. ತಿಂಗಳು ತುಂಬುವುದರೊಳಗೆ ಸೋಮವ್ವನ ತಡಿಪಾರು.

ಎರಡು ಸೀರೆ ಗಂಟು ಕಟ್ಟಿಕೊಂಡು ಅಕ್ಕಲಕೋಟೆಯ ಬಸ್ಸು ಹತ್ತಿದಳು. ಮೈಂದರ್ಗಿಯ ತನಕ ಗಟ್ಟಿಯಾಗಿಯೇ ಇದ್ದಳು. ಅಲ್ಲಿಂದ ಮುಂದೆ ರಸ್ತೆ ಗಡಿ ದಾಟಿ ಕರ್ನಾಟಕಕ್ಕೆ ಇಳಿಯುವಾಗ ಮಾತ್ರ ತಿರುಗಿ ಹಿಂದೆ ನೋಡಿದಳು. ನಾಳೆ ಮುಂಜಾನೆ ತನ್ನ ಮಶೀನಿನ ಮುಂದೆ ಯಾರು ಕೂಡುತ್ತಾರೋ ಅನಿಸಿತು. ಗಡಿಯಾಚೆಯ ಹಳ್ಳಿ ಅವಳ ತವರು. ತಮ್ಮ ಪೀರಪ್ಪ ಕುರಿ ಸಾಕಿಕೊಂಡು ಅಲ್ಲಿಯೇ ಇದ್ದ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ರಸ್ತೆಗೇ ಬಂದು ನಿಂತಿದ್ದ.

"ಮೂವತ್ತು ವರ್ಷ ಕರದೀನಿ, ನಾಕು ದಿನ ಇರಾಕ ಬರಲಿಲ್ಲ ನೀ. ಸರಕಾರ ಒಂದ ಕಾಗದ ಬರದ್ರ ವರ್ಷಕ್ಕ ಬಂದಿ ನೋಡಕ್ಕ," ಅಂದ.

ಅಳಬೇಕೆಂದಿದ್ದ ಸೋಮವ್ವ ನಕ್ಕುಬಿಟ್ಟಳು.

ಮೊದಲ ಐತವಾರವೇ ಒಂದು ಟೆಂಪೊ ಬಂತು. ಅದರೊಳಗಿಂದ ನಲವತ್ತು ಹೆಣ್ಣುಮಕ್ಕಳು ಬುತ್ತಿಗಂಟು ಹಿಡಿದು ಇಳಿದರು, ಎಲ್ಲರಿಗಿಂತ ಮುಂದೆ ಕಲ್ಯಾಣಮ್ಮ.

"ಪೀರಪ್ಪಣ್ಣಾ, ಇಲ್ಲಿ ಐದು ಮಂದಿ ಕೂಡಬಾರದಂತ ಹುಕುಂ ಏನರ ಐತೇನು?"

"ನನ್ನ ದೊಡ್ಡಿಯಾಗ ಇನ್ನೂರು ಕುರಿ ದಿನಾ ಕೂಡತಾವು. ಇಲ್ಲೀತನಕಾ ಯಾರೂ ಬಂದು ಕೇಳಿಲ್ಲ."

ಬೀರೋಬನ ಗುಡಿಯ ಮುಂದಿನ ಬೇವಿನ ನೆರಳಿಗೆ ಸಂಘದ ಸಭೆ ಕೂಡಿತು. ಜುಣಕ, ಭಾಕರಿ, ಸೇಂಗಾ ಚಟ್ನಿ ಉಂಡು, ಹಾಡು ಹೇಳಿ, ಠರಾವು ಬರೆದು, ಹೊತ್ತು ಮುಳುಗುವ ಮೊದಲು ಹೊರಟರು. ಮುಂದೆ ಅದೇ ರೂಢಿಯಾಯಿತು. ಸೋಲಾಪುರದಲ್ಲಿ ಕೂಡಿದ್ದಕ್ಕಿಂತ ಹೆಚ್ಚು ಮಂದಿ ಗಡಿ ದಾಟಿ ಕೂಡತೊಡಗಿದರು. ಗಂಡಂದಿರಿಗೂ ಹೇಳಿಬರಲು ಸುಲಭವಿತ್ತು: ಸೋಮವ್ವಕ್ಕನ ತವರಿಗೆ ಹೋಗಿಬರತೀವಿ.

ಒಂದು ಐತವಾರ ಸಂಘದ ವಕೀಲ ಅಂಬಾದಾಸನೂ ಟೆಂಪೊದಲ್ಲಿ ಬಂದ. ಮುಂಬಯಿಗೆ ಅಪೀಲು ಹಾಕಿದ್ದಲ್ಲದೆ, ಹೊರದೇಶದ ಕಾರ್ಮಿಕ ಸಂಘಗಳ ಕಡೆಯಿಂದ ಜಿನೀವಾಕ್ಕೂ ದೂರು ಹೋಗಿದೆ ಎಂದು ಹೇಳಿದ.

"ಅಲ್ಲಿ ಜಗತ್ತಿನ ಕಾರ್ಮಿಕ ಸಂಸ್ಥೆ ಐತಿ. ಕೆಲಸದವರು ಸಂಘ ಕಟ್ಟಿದ್ರ ನೀವ್ಯಾಕ ಅಡ್ಡ ಬಂದ್ರಿ ಅಂತ ದಿಲ್ಲಿಯವರನ್ನ ಕೇಳತೈತಿ."

"ಕೇಳಿದ್ರ ಹೇಳತಾರೇನ್ರಿ ಅವರು?" ಅಂದಳು ಸೋಮವ್ವ.

"ಎಲ್ಲಾ ದೇಶದವರ ಮುಂದ ಕೇಳತಾರ. ಸುಮ್ಮ ಕುಂಡ್ರೂದು ಕಠಿಣ."

ಅವರ ಟವೆಲುಗಳು ಹೋಗುತ್ತಿದ್ದದ್ದು ಡೆನ್ಮಾರ್ಕಿನ ಹೋಟೆಲುಗಳಿಗೆ. ಅಲ್ಲಿಯ ಹೋಟೆಲು ಕೆಲಸದವರ ಸಂಘಕ್ಕೆ ಸುದ್ದಿ ಮುಟ್ಟಿದ್ದೇ ತಡ, ಅವರು ತಮ್ಮ ಮಾಲಕರನ್ನು ಹಿಡಿದು ಕೇಳತೊಡಗಿದರು. ಮುಂಬಯಿಗೆ, ದಿಲ್ಲಿಗೆ, ಸೋಲಾಪುರದ ಕಲೆಕ್ಟರಿಗೆ ಪತ್ರಗಳ ಮೇಲೆ ಪತ್ರ. ಕಲೆಕ್ಟರ ಕಚೇರಿಯಲ್ಲಿ ಅವನ್ನಿಡಲು ಬೇರೆಯೇ ಕಪಾಟು ತರಿಸಿದ್ದಾರೆಂದು ಅಂಬಾದಾಸ ಹೇಳಿದಾಗ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಳ್ಳಮಾವಾಸ್ಯೆ ಕಳೆದ ಮೇಲೆ ಡೆನ್ಮಾರ್ಕಿನ ಆ ಸಂಘದಿಂದ ಮೂವರು ನೋಡಲೆಂದೇ ಬಂದರು. ಸೋಲಾಪುರದ ಅಧಿಕಾರಿಗಳು ಅಂಥ ಸಂಘವೇ ಇಲ್ಲವೆಂದರಂತೆ. ಅಂಬಾದಾಸ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ನೆಟ್ಟಗೆ ಪೀರಪ್ಪನ ದೊಡ್ಡಿಗೆ ಕರೆತಂದ. ಇಲ್ಲವೇ ಇಲ್ಲದ ಸಂಘದ ನೂರಾ ಹತ್ತು ಜನ ಅಲ್ಲಿ ಕಾಯುತ್ತಿದ್ದರು.

ಬಂದವರಲ್ಲಿ ಇಂಗೆರ್ ಎಂಬ ನರೆಗೂದಲಿನ ಹೆಂಗಸು ಹೋಟೆಲಿನ ಖೋಲಿ ಒರೆಸುವ ಕೆಲಸದವಳು. ಚೀಲದಿಂದ ಬಿಳಿ ಟವೆಲೊಂದನ್ನು ತೆಗೆದು ಸೋಮವ್ವನ ಕೈಗಿತ್ತಳು. ಸೋಮವ್ವ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಮೂಲೆ ತಿರುವಿ ನೋಡಿದಳು.

"ಮೂಲಿಗೆ ಬಂದಾಗ ಎರಡು ಸಲ ತಿರುವಿ ಹೊಲಿಯೂದು ನಾ ಕಲಿಸಿದ್ದು. ಇದು ನಮ್ಮ ಮಶೀನ ಸಾಲಿಂದು," ಅಂದಳು.

ಅಂಬಾದಾಸ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಇಂಗೆರ್ ಆ ಟವೆಲನ್ನು ಪೀರಪ್ಪನ ಹೊರಸಿನ ಮೇಲೆ ಹಾಸಿ, ಸುತ್ತಿ, ಮಡಚಿ, ನೋಡನೋಡುತ್ತ ಹಂಸ ಮಾಡಿ ನಿಲ್ಲಿಸಿದಳು. ಅವಳ ಹೋಟೆಲಿನಲ್ಲಿ ದಿನಾ ಹಾಗೆ ಮಾಡಿಡಬೇಕಂತೆ.

"ಕುರಿ ಮಾಡಾಕ ಬರತೈತೇನು ಕೇಳ್ರಿ," ಅಂದ ಪೀರಪ್ಪ.

ಇಂಗೆರ್ ಹಿಂದೆ ಎಂದೂ ಮಾಡಿರಲಿಲ್ಲ. ದೊಡ್ಡಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು, ಎರಡು ಸಲ ಬಿಚ್ಚಿ ಮತ್ತೆ ಸುತ್ತಿದಳು. ಕಿವಿಗಳನ್ನು ಸೋಮವ್ವ ಎಳೆದು ಸರಿ ಮಾಡಿದಳು. ಕೊನೆಗೆ ದಪ್ಪ ಹೊಟ್ಟೆಯ ಕುರಿಯೊಂದು ಎದ್ದು ನಿಂತಾಗ ಬೇವಿನಡಿ ಎದ್ದ ನಗುವಿಗೆ ನಿಜವಾದ ಕುರಿಗಳು ಬೆದರಿ ಮೂಲೆಗೆ ಒತ್ತಿಕೊಂಡವು. ಹೊರಡುವಾಗ ಪೀರಪ್ಪ ತನ್ನ ಹೊಸ ಕಂಬಳಿಯನ್ನು ಇಂಗೆರಳ ಹೆಗಲಿಗೆ ಹೊದಿಸಿದ.

ಅವರು ತಾವು ಕಂಡದ್ದನ್ನೆಲ್ಲ ಬರೆದು ಜಿನೀವಾಕ್ಕೆ ಕೊಟ್ಟರು. ಜಿನೀವಾ ದಿಲ್ಲಿಯನ್ನು ಕೇಳಿತು, ದಿಲ್ಲಿ ಮುಂಬಯಿಯನ್ನು ಕೇಳಿತು. ತಡಿಪಾರಿನ ಏಳನೆಯ ತಿಂಗಳಿಗೆ ಅಪೀಲಿನಲ್ಲಿ ಹುಕುಂ ರದ್ದಾಯಿತು. ನೋಂದಣಿ ಮರಳಿ ಬಂತು, ಖೋಲಿಯ ಸೀಲು ತೆಗೆದರು. ಟವೆಲು ಕೊಳ್ಳುವವರು ಖರೀದಿ ನಿಲ್ಲಿಸುತ್ತೇವೆಂದ ಮೇಲೆ ಮಾಲಕ ಹತ್ತೊಂಬತ್ತು ಜನರನ್ನೂ ಕೆಲಸಕ್ಕೆ ಕರೆದ.

ಸುದ್ದಿ ಕೇಳಿ ಪೀರಪ್ಪನ ಮುಖ ಸಣ್ಣದಾಯಿತು. "ಇನ್ನ ಐದು ತಿಂಗಳು ಉಳದಿದ್ವಲ್ಲಕ್ಕ," ಅಂದ.

ಸೋಮವ್ವ ಕಟ್ಟಿದ ಗಂಟನ್ನು ಮತ್ತೆ ಬಿಚ್ಚಿಟ್ಟು, ಯಾವ ಹುಕುಮೂ ಇಲ್ಲದೆ ಇನ್ನೂ ಎರಡು ದಿನ ತವರಿನಲ್ಲಿ ಉಳಿದಳು. ತಮ್ಮನಿಗೆ ಹೋಳಿಗೆ ಮಾಡಿ ಹಾಕಿದಳು.

ಸೋಮವಾರ ಮುಂಜಾನೆ ಸೋಲಾಪುರದಲ್ಲಿ ಕಲ್ಯಾಣಮ್ಮ ಸಂಘದ ಖೋಲಿಯ ಬಾಗಿಲು ನೂಕಿದಾಗ ಒಳಗೆಲ್ಲ ಧೂಳು. ಅವಳೂ ಸೋಮವ್ವನೂ ಸೆರಗು ಬಿಗಿದು ಗುಡಿಸಿದರು. ಕಸ ಹಾಕಲು ಸೋಮವ್ವ ಹೊರಗೆ ಬಂದಳು. ಓಣಿಯಲ್ಲಿ ಹೆಣ್ಣುಮಕ್ಕಳ ಸಾಲು ಚಹಾದಂಗಡಿ ದಾಟಿ ನಿಂತಿತ್ತು. ಅರ್ಧಕ್ಕರ್ಧ ಮಂದಿಯನ್ನು ಅವಳು ನೋಡಿಯೇ ಇರಲಿಲ್ಲ. ಬೇರೆ ಕಾರ್ಖಾನೆಗಳವರು. ಅವಳು ಕೈ ತೊಳೆದುಕೊಂಡು, ಸದಸ್ಯರ ಹೊಸ ವಹಿ ಬಿಚ್ಚಿ, ಹೊಸ್ತಿಲ ಹತ್ತಿರವೇ ಕುಂತಳು.

"ಬಾರವ್ವ. ಹೆಸರು ಹೇಳು."