ಕೋಲ್ಡ್ ರೂಮಿಗೆ ಹೋದ ಅವರೆಕಾಯಿ

ನಾವು ಕೇಳಿದ್ದು ಒಂದು ಗಾಡಿ. ಬೆಳಗಿನ ಜಾವ ಕಿತ್ತ ತರಕಾರಿಯನ್ನು ಕೆಂಗೇರಿ ಆಚೆಯ ನಮ್ಮ ಊರಿಂದ ಬಿಸಿಲೇರುವ ಮೊದಲು ಪೇಟೆ ಮುಟ್ಟಿಸಲು. ತೋಟಗಾರಿಕೆ ಇಲಾಖೆಯವರು ಕೊಟ್ಟಿದ್ದು ತರಕಾರಿ ತಣ್ಣಗಿಡುವ ಕೋಲ್ಡ್ ರೂಮು! ನಮ್ಮ ರೈತ ಸಂಘದ ಕಾರ್ಯದರ್ಶಿ ಈ ಲತಾ, ಅಂದರೆ ನಾನು. ಅದರ ಬೀಗದಕೈ ಹಿಡಿದು ಓಡಾಡುವ ಕರ್ಮವೂ ನನ್ನದೇ. ಅಂದಂದು ಕಿತ್ತದ್ದು ಅಂದಂದೇ ಖಾಲಿಯಾಗುವ ಊರಲ್ಲಿ ಅದರೊಳಗೆ ಏನಿಡಬೇಕು, ನನ್ನ ತಲೆಯನ್ನೇ?

ಆ ತಲೆಗೆ ಬೇರೆ ಚಿಂತೆ ಹತ್ತಿಕೊಂಡಿತ್ತು. ಸುತ್ತ ಲೇಔಟುಗಳೆದ್ದರೂ ನಮ್ಮತ್ತೆ ಚಿಕ್ಕಲಕ್ಷ್ಮಮ್ಮ ಉಳಿದೊಂದು ಹೊಲದಲ್ಲಿ ನಾಟಿ ಅವರೆ ಬೆಳೆಯುವುದು ಬಿಟ್ಟಿಲ್ಲ. ಗೋಡೌನ್ ಕಟ್ಟುವವನೊಬ್ಬ ಆ ಹೊಲಕ್ಕಾಗಿ ನನ್ನ ಗಂಡ ಭೈರೇಶನ ಬೆನ್ನು ಬಿದ್ದಿದ್ದ. "ಖಾಯಂ ಗಿರಾಕಿ ತೋರ್ಸು, ಹೊಲ ಇರ್ಲಿ. ಇಲ್ದಿದ್ರೆ ಸಂಕ್ರಾಂತಿ ಆದ್ಮೇಲೆ ಕೊಟ್ಬಿಡ್ತೀನಿ ಕಣೇ," ಅಂದುಬಿಟ್ಟಿದ್ದ ಭೈರೇಶ.

ಅಲೆದೂ ಅಲೆದೂ ಚಪ್ಪಲಿ ಸವೆದ ಮೇಲೆ ಬಸವೇಶ್ವರನಗರದ ತರಕಾರಿ ಅಂಗಡಿಯ ಪುರುಷೋತ್ತಮ ಸಿಕ್ಕಿದರು. "ಸೊಗಡಿರೋ ಅವರೆ ತನ್ನಿ ಮೇಡಂ. ನಮ್ಮ ಕಸ್ಟಮರ್ಸ್ ಮೆಚ್ಚಿದ್ರೆ ವರ್ಷವೆಲ್ಲ ನಿಮ್ಮ ಸಂಘದ ತರಕಾರಿನೇ," ಎಂದರು. ಶುಕ್ರವಾರಕ್ಕೆ ಮಾತಾಯಿತು.

ಅದೇ ಶುಕ್ರವಾರ ಬೆಳಿಗ್ಗೆ ಕೋಲ್ಡ್ ರೂಮು ನೋಡಲು ಇಲಾಖೆಯ ಸಾಹೇಬರು ಬರುತ್ತಾರಂತೆ! "ರೂಮು ಖಾಲಿ ಕಂಡ್ರೆ ಮುಂದೆ ನಿಮ್ ಸಂಘಕ್ಕೆ ಏನೂ ಸಿಗಲ್ಲ ನೋಡಿ," ಎಂದು ಕಚೇರಿಯಿಂದ ಫೋನು. ಇಬ್ಬನಿಯಲ್ಲಿ ಕಿತ್ತ ಅವರೆಯ ಮೂಟೆಗಳನ್ನೇ ಒಳಗಿಡಿಸಿದೆ. ಸಾಹೇಬರು ಕಣ್ಣು ಹಾಯಿಸಿ ಹೋದ ಕೂಡಲೇ ಅಂಗಡಿಗೆ ಸಾಗಿಸಿದರಾಯಿತು ಎಂದುಕೊಂಡೆ.

ಪುಣ್ಯಾತ್ಮ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಎಷ್ಟು ಸಲ ಫೋನು ಮಾಡಿದರೂ "ಆನ್ ದಿ ವೇ ಅಮ್ಮಾ" ಒಂದೇ ಉತ್ತರ. ಮೂಟೆ ತೆಗೆಯೋಣವೆಂದರೆ ಯಾವ ಗಳಿಗೆಯಲ್ಲಿ ಬಂದು ನಿಲ್ಲುತ್ತಾರೋ ಎಂಬ ಭಯ. ಬಂದರು, ಮೂಟೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, "ವೆರಿ ಗುಡ್, ಹೀಗೇ ಸ್ಟೋರ್ ಮಾಡ್ಬೇಕು," ಎಂದು ಹೊರಟರು. ನಾನು ಪುರುಷೋತ್ತಮರನ್ನು ಕಾಡಿ ಬೇಡಿ ಮರುದಿನ ಬೆಳಿಗ್ಗೆಗೆ ಒಪ್ಪಿಸಿದೆ.

ಶನಿವಾರ ಅತ್ತೆ, ಭೈರೇಶ, ನಾನು ಮೂವರೂ ಮೂಟೆಗಳ ಜೊತೆ ಬಾಡಿಗೆ ಆಟೋದಲ್ಲಿ ಹೋದೆವು. ರಾಶಿ ಸುರಿದಾಗ ಕಾಯಿ ಹಸಿರಾಗಿಯೇ ಇತ್ತು. ಆದರೆ ನಮ್ಮ ಜನ ಅವರೆಯನ್ನು ಕಣ್ಣಲ್ಲಿ ನೋಡಿ ಕೊಳ್ಳುತ್ತಾರೆಯೇ? ಮೊದಲು ಬಂದ ಹಿರಿಯ ಹೆಂಗಸೊಬ್ಬರು ಒಂದು ಕಾಯಿಯನ್ನು ಉಜ್ಜಿ ಬೆರಳು ಮೂಸಿದರು. ಇನ್ನೊಂದನ್ನು ಉಜ್ಜಿ ಮೂಸಿದರು. ನಾನೂ ಮೂಸಿದೆ. ಇಡೀ ಹಗಲು, ರಾತ್ರಿ ಆ ರೂಮಿನ ಚಳಿಯಲ್ಲೇ ಕೂತು, ಹೊರಬಂದು ಬೆವೆತ ಕಾಯಲ್ಲಿ ಸೊಗಡು ಒಂದಿಷ್ಟೂ ಉಳಿದಿರಲಿಲ್ಲ.

"ಏನಮ್ಮಾ, ಇದು ಸೊಗಡವರೇನಾ?" ಎಂದು ಆಕೆ ಕೇಳಿದರು.

"ಹೌದು ಆಂಟಿ, ನಾಟಿನೇ. ಬೇಯ್ಸಿದ್ರೆ ಘಮ್ ಅನ್ನತ್ತೆ ನೋಡಿ," ಎಂದೆ. ಹಸಿ ಸುಳ್ಳು.

ಆಕೆ ಚೀಲ ಬಿಡಿಸಿದರು. ಪುರುಷೋತ್ತಮರ ಮುಖ ಅರಳಿತು. ಅಷ್ಟರಲ್ಲಿ ಅತ್ತೆ ರಾಶಿಗೆ ಕೈ ಹಾಕಿ ಒಂದು ಹಿಡಿ ಕಾಯಿ ಮೂಗಿಗೆ ಹಿಡಿದರು.

"ಸೊಗಡಿಲ್ಲ ತಾಯಿ. ತಗಬ್ಯಾಡಿ," ಎಂದರು.

ಆಕೆ ಚೀಲ ಮಡಚಿಕೊಂಡರು. ಹಿಂದಿದ್ದವರೂ ಚದುರಿದರು. "ಸಾರಿ ಮೇಡಂ, ಆಗಲ್ಲ," ಎಂದು ಪುರುಷೋತ್ತಮ ಒಳಗೆ ಹೋದರು. ನನಗೆ ಅತ್ತೆಯ ಮೇಲೆ, ಆ ಫೋಟೋ ಸಾಹೇಬನ ಮೇಲೆ, ಹಾಳು ರೂಮಿನ ಮೇಲೆ ಕಿರುಚಬೇಕೆನಿಸಿತು. ಆಟೋ ಪಕ್ಕ ಭೈರೇಶ ಆಗಲೇ ಫೋನು ಕಿವಿಗಿಟ್ಟಿದ್ದ: "ಬಂದು ಹೊಲ ಅಳತೆ ಹಾಕ್ಕೊಳ್ಳಿ ಸಾರ್."

"ಬೇಡ ಅನ್ನಿ ಅತ್ತೆ! ನೀವು ಬೇಡ ಅಂದ್ರೆ ಇವ್ರು ಕೇಳ್ತಾರೆ," ಎಂದೆ.

ಅತ್ತೆ ಕೈಯಲ್ಲಿದ್ದ ಕಾಯಿಗಳನ್ನು ರಾಶಿಗೆ ಹಾಕಿದರು. "ನಾ ಬೆಳ್ದಿದ್ನ ನಾನೇ ಬ್ಯಾಡ ಅಂದಾಯ್ತಲ್ಲವ್ವಾ. ಇನ್ಯಾವ ಬಾಯಲ್ಲಿ ಹೊಲ ಬೇಕು ಅನ್ಲಿ?"