ನಡುಗೋಡೆ ಮೇಲೆ ಎಳೆದ ಗೆರೆ

ಹೋದ ಸಲ ಹೊಳೆ ಅರ್ಧ ಊರನ್ನ ನುಂಗಿ ಬಾಯಿ ಒರೆಸ್ಕೊಂಡು ಹೋದ್ಮೇಲೆ ಪುರಸಭೆಯವರಿಗೆ ಬುದ್ಧಿ ಬಂತು. ಊರನ್ನ ಹೋಳು ಹೋಳು ಮಾಡಿ ವಲಯ ಅಂತ ಕರೆದ್ರು. ಒಂದೊಂದಕ್ಕೂ ಬೇರೆ ಕಚೇರಿ, ನೀರು ಬಂದ್ರೆ ಹೊತ್ತೊಯ್ಯೋಕೆ ಬೇರೆ ಜನ, ಹೋಗಿ ಸೇರೋಕೆ ಬೇರೆ ಜಾಗ. ಒಳ್ಳೇದೇ. ಆದ್ರೆ ಪುರಸಭೆ ಇಂಜಿನಿಯರು ನಕ್ಷೆಯಲ್ಲಿ ಗೆರೆ ಎಳೆದಿದ್ದು ಸರಿಯಾಗಿ ನಮ್ಮನೆ ನಡುಗೋಡೆ ಮೇಲೆ.

ಆ ಗೋಡೆ ನಮ್ಮೆಜಮಾನ್ರೂ ಅವರಣ್ಣನೂ ಪಾಲಾದಾಗ ಎಬ್ಬಿಸಿದ್ದು. ಈಚೆ ನಾನು, ಬಾಗಿಲು ಮೇಲಿನ ಬೀದಿಗೆ. ಆಚೆ ನನ್ನ ವಾರಗಿತ್ತಿ ಅಕ್ಕ, ಬಾಗಿಲು ಹೊಳೆ ಬೀದಿಗೆ. ಗಂಡಸರಿಬ್ರೂ ಹೋದ್ರು, ಗೋಡೆ ಮಾತ್ರ ಬಂಡೆ ಹಾಗಿತ್ತು. ಅಕ್ಕ ಸೊಂಟ ಮುರ್ಕೊಂಡು ಮಂಚ ಹಿಡಿದ್ಮೇಲೆ ಅದರಲ್ಲೊಂದು ಪುಟ್ಟ ಕಿಟಕಿ ಕೊರೆಸಿ ಊಟದ ತಟ್ಟೆ ದಾಟಿಸ್ತಿದ್ದೆ. ಅವಳ ಬೈಗುಳವೂ ಅದರಲ್ಲೇ ದಾಟಿ ಬರ್ತಿತ್ತು.

ಈಗ ನಾನು ಎರಡನೇ ವಲಯ, ಗುಡ್ಡದ ಶಾಲೆಗೆ. ಅಕ್ಕ ಮೂರನೇದು, ಸೇತುವೆ ಆಚೆಗಿನ ಗೋದಾಮಿಗೆ. ಹೊಳೆ ಕೆಮ್ಮಿದ್ರೆ ಸಾಕು, ಮೊದಲು ಮುಳುಗೋದೇ ಆ ಸೇತುವೆ. ಹೋಗಿ ಇಂಜಿನಿಯರಿಗೆ ಹೇಳಿದೆ. ಕುರ್ಚಿ ಕೊಟ್ಟ, ನೀರು ಕೊಟ್ಟ, ಬಾಗಿಲು ಯಾವ ಬೀದಿಗೋ ಆ ವಲಯ, ಬದಲಾಯಿಸೋದು ಮುಂದಿನ ವರ್ಷ ಅಂದ. ಹೊಳೆಗೂ ಮುಂದಿನ ವರ್ಷ ಬಾ ಅಂತ ಅವನೇ ಹೇಳ್ತಾನೇನೋ.

ಆಮೇಲೆ ಒಂದು ದಿನ ತಾಲೀಮು ಅಂತ ಸೈರನ್ ಕೂಗಿಸಿದ್ರು. ನಮ್ಮ ವಲಯದವರು ಸ್ಟ್ರೆಚರ್ ತಗೊಂಡು ನನ್ನ ಮನೆಗೇ ಬಂದ್ರು. ನಡೆಯೋಕಾಗದೋರು ಯಾರಿದ್ದಾರೆ ಅಂತ ಮನೆ ಮನೆ ವಿಚಾರಿಸೋಕೆ ಬಂದಾಗ ನಾನು ಸುಮ್ನಿರದೆ, ಮಂಡಿ ಹೋಗಿ ನೂರು ವರ್ಷ ಆಯ್ತು, ಒಂದು ಹೆಜ್ಜೆ ಇಡಲಾರೆ ಅಂದಿದ್ದೆ. ಆಚೆಯವಳನ್ನ ಎತ್ರಪ್ಪ ಅಂದ್ರೆ ಅದು ನಮ್ಮ ವಲಯ ಅಲ್ಲ ಅಂತ ನನ್ನನ್ನೇ ಮದುವೆ ಹೆಣ್ಣಿನ ಹಾಗೆ ಹೊತ್ರು. ವಾಪಸ್ ಬಂದು ಕಿಟಕಿಯಲ್ಲಿ ಇಣುಕಿದ್ರೆ ಅಕ್ಕ ತಲೆ ಬಾಚ್ಕೊಂಡು, ಬಟ್ಟೆ ಗಂಟು ತೊಡೆ ಮೇಲಿಟ್ಕೊಂಡು ಇನ್ನೂ ಕೂತಿದ್ಲು. ತಾಲೀಮಿನಲ್ಲಿ ಸೇತುವೆ ಮುಳುಗಿದೆ ಅಂತ ಅಂದ್ಕೋಬೇಕಂತೆ, ಅದಕ್ಕೇ ಅವಳನ್ನ ಒಯ್ಯೋ ಗಾಡಿ ಆಚೆ ದಡದಲ್ಲೇ ನಿಂತಿತ್ತು.

"ಕಾದೆ ಕಣೇ," ಅಂದ್ಲು. "ಇವತ್ತೇನೋ ಸುಳ್ಳು ನೀರು. ನಿಜದ್ದು ಬಂದ್ರೆ?"

ಅವತ್ತು ಅವಳು ಬೈಲಿಲ್ಲ. ಅದಕ್ಕೇ ನಾನು ಹೆದರಿದೆ.

ಮಾರನೇ ದಿನ ಬೆಳಿಗ್ಗೆನೇ ಗಾರೆಯವನನ್ನ ಕರೆಸಿ, ಕಿಟಕಿ ಒಡೆದು ಬಾಗಿಲು ಮಾಡು ಅಂದೆ. ಮೋಡ ಕವೀತಿತ್ತು. ಅವನು ಹಾರೆ ಹಾಕ್ತಿದ್ದ, ನಾನು ನಿಂತಲ್ಲೇ ಬೆವರ್ತಿದ್ದೆ. ಮಧ್ಯಾಹ್ನಕ್ಕೆ ಆಕಾಶ ಕಳಚಿ ಬಿದ್ದ ಹಾಗೆ ಮಳೆ. ಮಂಚ ತೂರೋ ಅಷ್ಟು ಗೋಡೆ ಬಿದ್ದಿತ್ತು, ಅಷ್ಟರಲ್ಲಿ ಸೈರನ್ ಶುರುವಾಯ್ತು, ಈ ಸಲ ನಿಜದ್ದೇ. ನಾವಿಬ್ರೂ ಅಕ್ಕನ್ನ ಮಂಚ ಸಮೇತ ಈಚೆಗೆ ಎಳೆದ್ವಿ. ಅವಳಿಗಿಂತ ಆನೆ ಹಗುರ. ಎಳೀತಿದ್ದ ಹಾಗೇ ಆಚೆ ಕೋಣೆಯ ಹೊಸಿಲು ದಾಟಿ ಕೆಸರು ನೀರು ಒಳಗೆ ಬಂತು.

ಸ್ಟ್ರೆಚರಿನವರು ಮೇಲಿನ ಬೀದಿ ಬಾಗಿಲಲ್ಲಿ ನುಗ್ಗಿದ್ರು. ನಾನು ಮಂಚ ತೋರಿಸಿದೆ.

"ಅವತ್ತು ಹೊತ್ತಿದ್ದು ನಿಮ್ಮನ್ನಲ್ವಾ ಅಜ್ಜಿ?"

"ಈ ಮನೇಲಿ ನಡೆಯೋಕಾಗದೋಳು ಇವಳೇ ಕಣಪ್ಪ. ಎತ್ತಿ."

ನೀರು ಅವರ ಪಾದಕ್ಕೂ ಬಂತು. ಎತ್ತಿದ್ರು.

ಗುಡ್ಡ ಹತ್ತೋವಾಗ ನಾನೇ ಮುಂದೆ. ಅಕ್ಕನ ಬೈಗುಳ ಇನ್ನೂ ಕೇಳಿರಲಿಲ್ಲ, ಹಿಂದೆ ತಿರುಗಿ ನೋಡೋ ಧೈರ್ಯ ಇರಲಿಲ್ಲ.

"ನೂರು ವರ್ಷದ ಮಂಡಿ ನೋಡ್ರೋ, ಹೆಂಗೆ ಓಡ್ತಿದೆ, ಕಳ್ಳ ಮುಂಡೇದು," ಅಂತ ಅಕ್ಕ ಮಲಗಿದಲ್ಲಿಂದಲೇ ಶುರು ಹಚ್ಕೊಂಡ್ಲು.

ಆಗ ನನಗೆ ಉಸಿರು ಬಂತು.