ಎಲ್ಲಾ ಮುಚ್ಚಬೇಕು

ಸಂಡೂರು ರಸ್ತೆಯ ಕ್ರೈಸ್ತ ಧ್ಯಾನಮಂದಿರದಲ್ಲಿ ಮೌನ ಶುರುವಾಗಿ ಅವತ್ತಿಗೆ ಮೂರು ದಿನ. ಬಂದಿದ್ದವರು ಆರೇ ಆರು ಜನ ಸಿಸ್ಟರುಗಳು. ಒಂದು ಕಾಲಕ್ಕೆ ನಲವತ್ತು ಕೋಣೆ ಸಾಲದೆ ವರಾಂಡದಲ್ಲೂ ಚಾಪೆ ಹಾಸುತ್ತಿದ್ದರು. ಆಮೇಲೆ ಅದಿರಿನ ಲಾರಿಗಳು ಗೇಟಿನ ಮುಂದೆಯೇ ಹಗಲಿಡೀ ಗುಡುಗತೊಡಗಿದವು. ದೇವರ ಮಾತು ಕೇಳಲು ಬಂದವರಿಗೆ ಹಾರನ್ ಬಿಟ್ಟು ಬೇರೇನೂ ಕೇಳದಾಯಿತು. ಹೋದ ತಿಂಗಳು ಹಂಪಿ ಕಡೆಯ ರೆಸಾರ್ಟಿನವರು ಬಂದು, ಚಪ್ಪಲಿ ಕೂಡ ಬಿಡದೆ, ಟೇಪು ಹಿಡಿದು ಒಂದೊಂದು ಕೋಣೆಯನ್ನೂ ಅಳೆದು ಹೋಗಿದ್ದರು.

ಅಡುಗೆ ಪಂಪೇಶನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದವನು. ಹನ್ನೆರಡು ವರ್ಷದಿಂದ ಇದೇ ಒಲೆ. ಇರುವುದೂ ಅಡುಗೆಮನೆಯ ಹಿಂದಿನ ಕೋಣೆಯಲ್ಲೇ, ಹೆಂಡತಿ ಭವ್ಯಳ ಜೊತೆ. ಅವಳಿಗೀಗ ಎಂಟು ತಿಂಗಳು.

ಮೌನದ ದಿನಗಳಲ್ಲಿ ಯಾರಿಗೇನು ಬೇಕಾದರೂ ಚೀಟಿ ಬರೆದು ಅಡುಗೆಮನೆ ಬಾಗಿಲಿಗೆ ಸಿಗಿಸುವುದು ರೂಢಿ. ಖಾರ ಕಡಿಮೆ ಇರಲಿ, ಬಿಸಿನೀರು ಬೇಕು, ಇಂಥವು. ಅವತ್ತು ಬೆಳಿಗ್ಗೆ ಸಿಕ್ಕಿದ್ದು ಧ್ಯಾನ ನಡೆಸುವ ಫಾದರ್ ಪಾಲಪ್ಪನವರ ಚೀಟಿ: ‘ನಾಳೆಯೊಳಗೆ ಎಲ್ಲಾ ಮುಚ್ಚಬೇಕು. ಪಂಪೇಶ್ ಜೊತೆಗಿರಲಿ.’

ಎರಡು ಸಲ ಓದಿದ.

“ನಾಳೀನ ಅಂತ ನೋಡಬೇ,” ಎಂದು ಕಸ ಗುಡಿಸುವ ಚೆನ್ನಬಸಮ್ಮನಿಗೆ ಚೀಟಿ ತೋರಿಸಿದ. “ಮನಿ ಮುಚ್ಚತಾರಂತ.”

“ಮೆಲ್ಲಕ ಮಾತಾಡಲೇ. ಮೌನ ಐತಿ.”

“ಮೌನ ಅವ್ರಿಗೈತಿ. ನನಗ್ಯಾಕ?”

“ಹೋಗಿ ಕೇಳು ಹಂಗಾರ. ನಿನ್ನ ಬಾಯಿಗೆ ಹೆದರೇ ಮುಚ್ಚತಿರಬೇಕು.”

ಮಧ್ಯಾಹ್ನ ಊಟದ ಹಾಲಿನಲ್ಲಿ ಫಾದರಿಗೂ ಐದು ಸಿಸ್ಟರುಗಳಿಗೂ ಸಾರು ಬಡಿಸಿದವನು ಬಕೆಟ್ಟನ್ನು ಫಾದರ್ ಮುಂದೆ ಕುಕ್ಕಿದ. “ನಾಳೆ ಮುಚ್ಚಿದ್ರ ಬಸುರಿ ಹೆಂಡ್ತೀನ ಕರಕೊಂಡು ಎಲ್ಲಿಗೆ ಹೋಗ್ಲಿ ನಾನು? ಚೀಟ್ಯಾಗ ಬರದು ಹೇಳೋ ಮಾತೇನ್ರಿ ಇದು?”

ಫಾದರ್ ತುಟಿಯ ಮೇಲೆ ಬೆರಳಿಟ್ಟರು. ಪಂಪೇಶ್ ಅಲುಗಲಿಲ್ಲ.

“ಬಾಯಿಲೇ ಹೇಳ್ರಿ.”

ಆರೂ ಸಿಸ್ಟರುಗಳ ಕೈ ನಿಂತಿತ್ತು. ಫಾದರ್ ಕೊನೆಗೂ ಮೌನ ಮುರಿದರು.

“ಸ್ವರೂಪಗಳನ್ನ, ಅಂದ್ರ ಮೂರ್ತಿಗಳನ್ನ ಮುಚ್ಚೋದಪ್ಪಾ. ಶಿಲುಬೆ, ಮಾತೆಯ ಸ್ವರೂಪ. ಈಸ್ಟರಿನ ಪವಿತ್ರ ವಾರಕ್ಕ ಮುಂಚೆ ನೇರಳೆ ಬಟ್ಟಿ ಹೊದಿಸ್ತೀವಿ. ಇಷ್ಟು ವರ್ಷ ಹಳೇ ಸಿಸ್ಟರ್ ಮಾಡ್ತಿದ್ರು, ಅವ್ರಿಗೆ ವರ್ಗ ಆತು. ಏಣಿ ಹಿಡಿಯಾಕ ನೀನು ಬೇಕಿತ್ತು.”

ಒಬ್ಬರು ಸಿಸ್ಟರ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾಚಿಕೆಗೆ ಪಂಪೇಶನಿಗೂ ನಗು ಬಂತು.

“ಹಂಗಾರ ಮನಿ ಮುಚ್ಚಂಗಿಲ್ಲ, ಹೌದಲ್ರಿ?”

ಫಾದರ್ ಅನ್ನ ಕಲಸತೊಡಗಿದರು. ಮೌನ ಹೇಗೂ ಮುರಿದಿತ್ತು, ಇನ್ನೊಂದು ಮಾತಿಗೆ ಅಡ್ಡಿಯಿರಲಿಲ್ಲ. ಆದರೂ ಕಲಸುತ್ತಲೇ ಇದ್ದರು. ನಕ್ಕ ಸಿಸ್ಟರೂ ತಟ್ಟೆ ನೋಡುತ್ತ ಕುಳಿತರು. ಇವರಿಗೆಲ್ಲ ಗೊತ್ತು ಎಂದು ಪಂಪೇಶನಿಗೆ ಆಗ ಹೊಳೆಯಿತು.

“ನಿಮ್ಮನ್ನ ಕೇಳಿದ್ದು ಫಾದರ್.”

“ಈಸ್ಟರ್ ಆದಮ್ಯಾಲ,” ಎಂದರು, ತಲೆ ಎತ್ತದೆ. “ಬಿಷಪ್ಪರ ಸಹಿ ಆಗೇತಿ.”

ಕೊನೆಯ ಸಿಸ್ಟರಿಗೆ ಇನ್ನೂ ಸಾರು ಬಡಿಸಿರಲಿಲ್ಲ. ಪಂಪೇಶ್ ಸೌಟು ಬಕೆಟ್ಟಿನೊಳಗೇ ಬಿಟ್ಟ.

“ಏಣಿ ನೀವ ಹಿಡ್ಕೊರಿ,” ಅಂದು, ಭವ್ಯಳಿಗೆ ಹೇಳಲು ಹಿಂದಿನ ಕೋಣೆಗೆ ನಡೆದ.